ಡಬ್ಬದ ಮೇಲೆ 450 ವ್ಯಾಟ್ ಎಂದಿದ್ದರೆ ಸಾಕೆ? ಹಳೆಯ ಕಂಪ್ಯೂಟರ್‌ಗೆ ಎಸ್‌ಎಂಪಿಎಸ್ ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಮನೆಯ ಹಳೆಯ ಡೆಸ್ಕ್‌ಟಾಪ್ ಒಂದು ದಿನ ಆನ್ ಆಗುವುದೇ ಇಲ್ಲ. ಇಲ್ಲವೇ ಕೆಲಸದ ನಡುವೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಪವರ್ ಕೇಬಲ್, ಸಾಕೆಟ್, ರ‍್ಯಾಮ್ ಎಲ್ಲವನ್ನೂ ನೋಡಿದ ರಿಪೇರಿಯವರು "ಎಸ್‌ಎಂಪಿಎಸ್ ಹೋಗಿದೆ, ಬದಲಾಯಿಸಿದರೆ ಸರಿಹೋಗುತ್ತದೆ" ಎನ್ನುತ್ತಾರೆ. ಅಂಗಡಿಗೆ ಹೋದರೆ ಒಂದರ ಬೆಲೆ ಆರೇಳು ನೂರು ರೂಪಾಯಿ, ಇನ್ನೊಂದರದು ಎರಡು ಸಾವಿರದ ಆಸುಪಾಸು. ಎರಡರ ಮೇಲೂ ಬರೆದಿರುವುದು 450 ವ್ಯಾಟ್! ಹಳೆಯ ಕಂಪ್ಯೂಟರ್‌ಗೆ ಇಷ್ಟು ಖರ್ಚು ಯಾಕೆ ಎಂದು ಅಗ್ಗದ್ದನ್ನೇ ತರುವವರು ಬಹಳ. ಅದು ಸರಿಯೇ?

ಎಸ್‌ಎಂಪಿಎಸ್ ಮಾಡುವ ಕೆಲಸವೇನು?

ಗೋಡೆಯ ಸಾಕೆಟ್‌ನಿಂದ ಬರುವುದು 230 ವೋಲ್ಟ್‌ನ ಎಸಿ ಕರೆಂಟು. ಕಂಪ್ಯೂಟರ್‌ನ ಭಾಗಗಳಿಗೆ ಬೇಕಾಗಿರುವುದು 12, 5 ಮತ್ತು 3.3 ವೋಲ್ಟ್‌ನ ಡಿಸಿ ಕರೆಂಟು. ಈ ಬದಲಾವಣೆ ಮಾಡುವ ತಗಡಿನ ಪೆಟ್ಟಿಗೆಯೇ ಎಸ್‌ಎಂಪಿಎಸ್. ಬರೀ ಬದಲಾಯಿಸಿದರೆ ಸಾಲದು, ವೋಲ್ಟೇಜನ್ನು ಸ್ಥಿರವಾಗಿಯೂ ಇಡಬೇಕು. ಎಟಿಎಕ್ಸ್ ಮಾನದಂಡದ ಪ್ರಕಾರ ಈ ಮೂರೂ ವೋಲ್ಟೇಜ್‌ಗಳು ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಅಂದರೆ 12 ವೋಲ್ಟ್ ಎಂಬುದು 11.4ರಿಂದ 12.6ರ ಒಳಗೇ ಇರಬೇಕು.

ಇದು ತಪ್ಪಿದರೆ ಪೆಟ್ಟು ಬೀಳುವುದು ಎಸ್‌ಎಂಪಿಎಸ್‌ಗೆ ಮಾತ್ರವಲ್ಲ. ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಎಲ್ಲವೂ ಕರೆಂಟು ಪಡೆಯುವುದು ಇದರಿಂದಲೇ. ಹಳೆಯ ಕಂಪ್ಯೂಟರ್‌ಗೆ ಬೆಲೆ ಇಲ್ಲದಿರಬಹುದು. ಆದರೆ ಅದರ ಹಾರ್ಡ್‌ಡಿಸ್ಕಿನಲ್ಲಿರುವ ಹತ್ತು ವರ್ಷದ ಫೋಟೊಗಳಿಗೆ, ಅಂಗಡಿಯ ಲೆಕ್ಕಪತ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ನಂಬಿಕೆ 1: ಹೆಚ್ಚು ವ್ಯಾಟ್ ಬರೆದಿದ್ದರೆ ಹೆಚ್ಚು ಶಕ್ತಿ

ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ಬಿಡಿ, ಪಕ್ಕಕ್ಕೆ ಅಂಟಿಸಿರುವ ಲೇಬಲ್ ಓದಿ. ಅದರಲ್ಲಿ 12 ವೋಲ್ಟ್ ಎಂಬುದರ ಎದುರು ಎಷ್ಟು ಆಂಪ್ ಎಂದು ಬರೆದಿರುತ್ತದೆ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಅಲ್ಲಿ 14 ಆಂಪ್ ಇದ್ದರೆ 12 × 14 = 168 ವ್ಯಾಟ್ ಮಾತ್ರ. ಪೆಂಟಿಯಂ 4ರ ಕಾಲದಿಂದೀಚೆಗಿನ ಬಹುತೇಕ ಕಂಪ್ಯೂಟರ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ ಕರೆಂಟು ಎಳೆಯುವುದು ಈ 12 ವೋಲ್ಟ್‌ನಿಂದಲೇ. ಹಾಗಾಗಿ 450 ಎಂಬ ಅಂಕಿ ಎಷ್ಟು ದೊಡ್ಡದಾಗಿದ್ದರೂ ಉಪಯೋಗಕ್ಕೆ ಬರುವುದು ಈ 168 ಮಾತ್ರ. ಒಳ್ಳೆಯ ತಯಾರಿಕೆಯ 450 ವ್ಯಾಟ್‌ನಲ್ಲಿ ಸಾಮಾನ್ಯವಾಗಿ ಅದರ ಬಹುಪಾಲು 12 ವೋಲ್ಟ್ ಒಂದರಿಂದಲೇ ಸಿಗುತ್ತದೆ.

ಇದಕ್ಕೂ ಹಳೆಯ ಬೋರ್ಡುಗಳ ಕಥೆ ಬೇರೆ. ಅವುಗಳಲ್ಲಿ ಪ್ರೊಸೆಸರ್‌ಗೂ 5 ವೋಲ್ಟ್‌ನಿಂದಲೇ ಕರೆಂಟು ಹೋಗುತ್ತಿತ್ತು. ಅಂಥದ್ದಕ್ಕೆ ಹೊಸ ಎಸ್‌ಎಂಪಿಎಸ್ ತರುವಾಗ 5 ವೋಲ್ಟ್‌ನ ಆಂಪ್ ಹಳೆಯದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ.

ನಂಬಿಕೆ 2: ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುತ್ತದೆ

ಇಲ್ಲ. ಕಂಪ್ಯೂಟರ್ ಕೇಳಿದಷ್ಟನ್ನೇ ಎಸ್‌ಎಂಪಿಎಸ್ ಕೊಡುತ್ತದೆ. ಮನೆಗೆ ದೊಡ್ಡ ನೀರಿನ ಟ್ಯಾಂಕ್ ಇಟ್ಟ ಮಾತ್ರಕ್ಕೆ ನಾವು ಹೆಚ್ಚು ನೀರು ಕುಡಿಯುವುದಿಲ್ಲ, ಅಲ್ಲವೆ?

ಬಿಲ್ ಏರಿಸುವುದು ದಕ್ಷತೆಯ ಕೊರತೆ. ಕಂಪ್ಯೂಟರ್‌ಗೆ 100 ವ್ಯಾಟ್ ಬೇಕು ಎಂದುಕೊಳ್ಳೋಣ. ಎಸ್‌ಎಂಪಿಎಸ್‌ನ ದಕ್ಷತೆ ಶೇಕಡಾ 80 ಇದ್ದರೆ ಅದು ಗೋಡೆಯಿಂದ ಎಳೆಯುವುದು 125 ವ್ಯಾಟ್. ದಕ್ಷತೆ ಶೇಕಡಾ 65 ಇದ್ದರೆ ಸುಮಾರು 154 ವ್ಯಾಟ್. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ಬಳಸಿದರೆ ವ್ಯತ್ಯಾಸ ಸುಮಾರು 6 ಯೂನಿಟ್. ಅಷ್ಟೂ ಬಿಸಿಯಾಗಿ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಒಳಗಿನ ಕೆಪಾಸಿಟರ್‌ಗಳು ಬೇಗ ಹಾಳಾಗುತ್ತವೆ.

"80 ಪ್ಲಸ್" ಎಂಬ ಗುರುತು ಇದೇ ದಕ್ಷತೆಗೆ ಸಂಬಂಧಿಸಿದ್ದು. ಪೂರ್ಣ ಸಾಮರ್ಥ್ಯದ 20, 50 ಮತ್ತು 100 ಶೇಕಡಾ ಭಾರದಲ್ಲಿ ಪರೀಕ್ಷಿಸಿ ಈ ಗುರುತು ಕೊಡುತ್ತಾರೆ. ಆದರೆ ಇದು ದಕ್ಷತೆಯ ಗುರುತೇ ಹೊರತು ಬಾಳಿಕೆಯ ಗ್ಯಾರಂಟಿಯಲ್ಲ.

ನಂಬಿಕೆ 3: ಪೇಪರ್ ಕ್ಲಿಪ್ ಹಾಕಿದಾಗ ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿಯಿದೆ

ಹಸಿರು ವೈರಿಗೂ ಕಪ್ಪು ವೈರಿಗೂ ಕ್ಲಿಪ್ ಸೇರಿಸಿ ನೋಡುವ ವಿಡಿಯೊ ನಿಮಗೂ ಬಂದಿರಬಹುದು. ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಆನ್ ಆಗುತ್ತದೆ ಎಂಬುದಷ್ಟೇ. ಕೆಲಸದ ಭಾರ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೆಯೇ ಎಂಬುದು ತಿಳಿಯುವುದಿಲ್ಲ. ಕಂಪ್ಯೂಟರ್ ಆನ್ ಆಗುತ್ತಿದ್ದರೆ ಬಯಾಸ್‌ನೊಳಗಿನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ವೋಲ್ಟೇಜ್ ನೋಡಬಹುದು. ಅದೂ ಅಂದಾಜಿಗೆ ಮಾತ್ರ. ಖಚಿತವಾಗಬೇಕಾದರೆ ರಿಪೇರಿಯವರು ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗ ಮೀಟರ್ ಹಿಡಿದು ಅಳೆಯಬೇಕು.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಹಾಗಾದರೆ ಎಷ್ಟು ವ್ಯಾಟ್ ಬೇಕು?

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಕೋರ್ 2 ಡ್ಯುಯೊ ಅಥವಾ ಐ3 ಕಂಪ್ಯೂಟರ್ ನಿಮ್ಮದು ಎನ್ನೋಣ. ಆ ಕಾಲದ ಇಂಥ ಹಲವು ಪ್ರೊಸೆಸರ್‌ಗಳ ಲೆಕ್ಕ 65 ವ್ಯಾಟ್. ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿದರೂ ಒಟ್ಟು 150 ವ್ಯಾಟ್ ದಾಟುವುದು ಅಪರೂಪ. ಇಂಥದ್ದಕ್ಕೆ 300ರಿಂದ 450 ವ್ಯಾಟ್‌ನ ಪ್ರಾಮಾಣಿಕ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು. 750 ವ್ಯಾಟ್‌ನದ್ದಕ್ಕೆ ದುಡ್ಡು ಸುರಿಯುವ ಅಗತ್ಯವಿಲ್ಲ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಲೆಕ್ಕವನ್ನು ಬೇರೆಯಾಗಿ ಸೇರಿಸಿ.

ಕೊಳ್ಳುವಾಗ ಇಷ್ಟನ್ನು ನೋಡಿ

- ಹಳೆಯ ಎಸ್‌ಎಂಪಿಎಸ್ ಬಿಚ್ಚಿಸಿ ಅಂಗಡಿಗೆ ಜೊತೆಗೇ ಒಯ್ಯಿರಿ. ಅಳತೆ, ಸ್ಕ್ರೂ ಜಾಗ, ಕನೆಕ್ಟರ್ ಮೂರೂ ಹೊಂದಬೇಕು. ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಕನೆಕ್ಟರ್ ಬೇರೆಯೇ ಇರುತ್ತದೆ. ಅದಕ್ಕೆ ಮಾಮೂಲಿ ಎಟಿಎಕ್ಸ್ ಹೊಂದುವುದಿಲ್ಲ.
- ಮದರ್‌ಬೋರ್ಡ್‌ಗೆ 20 ಪಿನ್ ಬೇಕೋ 24 ಪಿನ್ ಬೇಕೋ ನೋಡಿ. "20+4" ಎಂದಿದ್ದರೆ ಎರಡಕ್ಕೂ ಆಗುತ್ತದೆ. ಪ್ರೊಸೆಸರ್‌ಗೆ ಹೋಗುವ 4 ಪಿನ್ ಕೇಬಲ್ ಮತ್ತು ಡಿಸ್ಕ್‌ಗೆ ಬೇಕಾದ ಸಾಟಾ ಕೇಬಲ್ ಎಸ್‌ಎಂಪಿಎಸ್‌ನಿಂದಲೇ ಬಂದಿರಲಿ.
- ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್ ರಕ್ಷಣೆ ಇದೆಯೇ ಎಂದು ಡಬ್ಬದ ಮೇಲೆ ಓದಿ.
- ಹಿಂಬದಿಯಲ್ಲಿ 115/230 ಎಂಬ ಸ್ವಿಚ್ ಇದ್ದರೆ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ಆನ್ ಮಾಡಿದರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ.
- ಯುಪಿಎಸ್ ಬಳಸುವವರಾದರೆ ತಂದ ದಿನವೇ ಮೇನ್ಸ್ ಆಫ್ ಮಾಡಿ ನೋಡಿ. ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ "ಆಕ್ಟಿವ್ ಪಿಎಫ್‌ಸಿ" ಇರುವ ಕೆಲವು ಎಸ್‌ಎಂಪಿಎಸ್‌ಗಳು ಆಫ್ ಆಗುವುದುಂಟು.
- ಬಿಲ್ ಮತ್ತು ವಾರಂಟಿ ಕೇಳಿ ಪಡೆಯಿರಿ.

ಸೆಕೆಂಡ್ ಹ್ಯಾಂಡ್ ಪರವಾಗಿಲ್ಲವೇ?

ಕೆಪಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ, ಮತ್ತು ಅದು ಹೊರಗಿನಿಂದ ಕಾಣುವುದಿಲ್ಲ. ಹತ್ತು ವರ್ಷದ ಎಸ್‌ಎಂಪಿಎಸ್ ತೆಗೆದು ಎಂಟು ವರ್ಷದ್ದನ್ನು ಹಾಕಿದರೆ ಲಾಭವೇನು? ಕಂಪ್ಯೂಟರ್‌ನ ಬೇರೆ ಭಾಗಗಳನ್ನು ಹಳೆಯದಾಗಿ ಕೊಂಡರೂ ಇದನ್ನು ಹೊಸದಾಗಿಯೇ ಕೊಳ್ಳುವುದು ಕ್ಷೇಮ. ಒಳ್ಳೆಯ ಎಸ್‌ಎಂಪಿಎಸ್ ಆದರೆ, ಕಂಪ್ಯೂಟರ್ ಬದಲಾಯಿಸಿದಾಗಲೂ ಕನೆಕ್ಟರ್ ಹೊಂದಿದರೆ ಮುಂದಿನದಕ್ಕೆ ಬಳಸಬಹುದು.

ಕೊನೆಯದಾಗಿ, ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ ಅದನ್ನು ಮತ್ತೆ ಮತ್ತೆ ಆನ್ ಮಾಡಬೇಡಿ. ಪ್ಲಗ್ ತೆಗೆಯಿರಿ. ಹೊಸ ಎಸ್‌ಎಂಪಿಎಸ್ ಹಾಕಿಸಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಬೇಕಾದ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಕೊಳ್ಳುವುದು. ಎಸ್‌ಎಂಪಿಎಸ್ ಮತ್ತೆ ಸಿಗುತ್ತದೆ, ಫೋಟೊಗಳು ಸಿಗುವುದಿಲ್ಲ.