ಸೈನಿಕನ ಹಕ್ಕು, ಮನೆಯವರ ಅರಿವು

ಪುಣೆಯನ್ನು ಪೇಶ್ವೆಯರ ನಗರವೆಂದೂ ವಿದ್ಯಾನಗರವೆಂದೂ ಕರೆಯುವುದು ವಾಡಿಕೆ. ಇದು ದಂಡಿನ ನಗರವೂ ಹೌದೆಂಬುದನ್ನು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ದಕ್ಷಿಣ ಕಮಾಂಡಿನ ಪ್ರಧಾನ ಕಚೇರಿ, ಖಡಕವಾಸಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, 1948ರಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಮಹಾವಿದ್ಯಾಲಯ ಇಲ್ಲಿವೆ. ಭೂಸೇನೆಯ ಅಧಿಕಾರಿಗಳ ವೇತನದ ಲೆಕ್ಕವೂ ಈ ಊರಿನಲ್ಲಿಯೇ ನಡೆಯುತ್ತದೆ. ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ಮೂರು ದಶಕ ಕಳೆದವನು ನಾನು. ಆದರೆ ಇಲ್ಲಿ ಬರೆಯುತ್ತಿರುವುದು ನನ್ನ ಸ್ವಂತ ಅಭಿಪ್ರಾಯ, ಇಲಾಖೆಯದಲ್ಲ.

ಕಳೆದ ಯುಗಾದಿಯ ಮರುದಿನ ಖಡಕಿಯಿಂದ ಒಬ್ಬ ಮಹಿಳೆ ನಮ್ಮ ಮನೆಗೆ ಬಂದರು. ಬೆಳಗಾವಿ ಜಿಲ್ಲೆಯವರು. ಪತಿ ಮರಾಠಾ ಲಘು ಪದಾತಿ ದಳದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಹೃದಯಾಘಾತವಾದ ರಾತ್ರಿ ಅವರನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಲಾಗಿತ್ತು. ಒಂಬತ್ತನೆಯ ದಿನ ತೀರಿಕೊಂಡರು. ಬಂಗಾರ ಅಡವಿಟ್ಟು ತುಂಬಿದ ಬಿಲ್ಲುಗಳು ಆಕೆಯ ಕೈಚೀಲದಲ್ಲಿದ್ದವು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಮನೆಯಲ್ಲಿಯೇ ಇತ್ತು. ಆದರೆ ಯೋಜನೆಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿದರೆ 48 ಗಂಟೆಗಳೊಳಗೆ ಸಮೀಪದ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕೆಂಬ ನಿಯಮ ಆಕೆಗೆ ಗೊತ್ತಿರಲಿಲ್ಲ. "ಸಾಹೇಬರ, ಅವರಿಗೆ ಮೈಮ್ಯಾಲೆ ಖಬರ ಇರಲಿಲ್ಲ. ನನಗ ಯಾರ್ ಹೇಳಬೇಕಿತ್ತರಿ?" ಎಂದರು. ವಿಳಂಬವನ್ನು ಮನ್ನಿಸಬೇಕೆಂದು ಅರ್ಜಿ ಬರೆದುಕೊಟ್ಟೆ. ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ವಿಷಯವೇನೂ ದುರ್ಗಮವಲ್ಲ. ಭೂಸೇನೆಯಲ್ಲಿ ಮೂರು ಶ್ರೇಣಿಗಳು: ಸಿಪಾಯಿಯಿಂದ ಹವಾಲ್ದಾರರವರೆಗೆ ಒಂದು, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎರಡನೆಯದು, ಲೆಫ್ಟಿನೆಂಟರಿಂದ ಮೇಲಿನವರು ಅಧಿಕಾರಿಗಳು. 7ನೇ ವೇತನ ಆಯೋಗದ ನಂತರ 2016ರ ಜನವರಿ 1ರಿಂದ ಜಾರಿಗೆ ಬಂದ ಕೋಷ್ಟಕದಲ್ಲಿ ಈ ಮೂರರ ಆರಂಭದ ಮೂಲವೇತನ ಕ್ರಮವಾಗಿ 21,700, 35,400 ಮತ್ತು 56,100 ರೂಪಾಯಿ. ಇದರ ಮೇಲೆ ಸೈನಿಕ ಸೇವಾ ವೇತನವೆಂದು ಬ್ರಿಗೇಡಿಯರವರೆಗಿನ ಅಧಿಕಾರಿಗಳಿಗೆ 15,500, ಉಳಿದ ಎರಡು ಶ್ರೇಣಿಗಳಿಗೆ 5,200 ರೂಪಾಯಿ ನಿಗದಿಯಾಯಿತು. ಪಿಂಚಣಿಯ ಲೆಕ್ಕಕ್ಕೆ ಇದೂ ಸೇರುತ್ತದೆ.

2003ರ ಏಪ್ರಿಲ್ 1ರಂದು ಆರಂಭವಾದ ಆರೋಗ್ಯ ಯೋಜನೆಯೂ ಇದೇ ಮೆಟ್ಟಿಲುಗಳನ್ನು ಅನುಸರಿಸುತ್ತದೆ. 2017ರ ಡಿಸೆಂಬರಿನಲ್ಲಿ ಪರಿಷ್ಕೃತವಾದಂತೆ, ಒಮ್ಮೆ ಮಾತ್ರ ತುಂಬಬೇಕಾದ ವಂತಿಗೆ ಮೂರು ಶ್ರೇಣಿಗಳಿಗೆ 30,000, 67,000 ಮತ್ತು 1,20,000 ರೂಪಾಯಿ. 1996ಕ್ಕೆ ಮೊದಲು ನಿವೃತ್ತರಾದವರಿಗೂ ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಂತಿಗೆಯಿಲ್ಲ. ಹವಾಲ್ದಾರರವರೆಗೆ ಸಾಮಾನ್ಯ ವಾರ್ಡು, ಸುಬೇದಾರರಿಗೆ ಅರೆ ಖಾಸಗಿ, ಅಧಿಕಾರಿಗಳಿಗೆ ಖಾಸಗಿ ಕೊಠಡಿ. ಪಾಲಿಕ್ಲಿನಿಕ್ಕಿನ ಶಿಫಾರಸು ಪತ್ರದೊಂದಿಗೆ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ನಗದು ಕೊಡಬೇಕಾಗಿಲ್ಲ.

ಪದವಿಗೆ ತಕ್ಕ ವೇತನವನ್ನು ನಾನು ಒಪ್ಪುತ್ತೇನೆ. ಹೊಣೆ ಹೆಚ್ಚಿದಂತೆ ಸಂಬಳ ಹೆಚ್ಚುವುದು ನ್ಯಾಯ. ಪದವಿಗೆ ತಕ್ಕ ಹಾಸಿಗೆಯ ಬಗ್ಗೆ ಮನಸ್ಸು ಅಳುಕುತ್ತದೆ. ರೋಗಕ್ಕೆ ಭುಜದ ಮೇಲಿನ ನಕ್ಷತ್ರಗಳು ಕಾಣುವುದಿಲ್ಲ. ಆದರೂ ಔಷಧ, ಶಸ್ತ್ರಚಿಕಿತ್ಸೆಗಳಲ್ಲಿ ಭೇದವಿಲ್ಲದಿರುವುದರಿಂದ ಅದನ್ನು ಸಹಿಸಬಹುದು. ಸಹಿಸಲಾಗದ್ದು ಮತ್ತೊಂದು ಮೆಟ್ಟಿಲು, ಯಾವ ಆಜ್ಞೆಯಲ್ಲೂ ಬರೆಯದಿರುವ ತಿಳಿವಳಿಕೆಯ ಮೆಟ್ಟಿಲು. ಕರ್ನಲರ ಮನೆಯವರು ಇಂಗ್ಲಿಷಿನ ಸುತ್ತೋಲೆಯನ್ನು ಓದಿಕೊಳ್ಳುತ್ತಾರೆ. ಹವಾಲ್ದಾರರ ಮನೆಯಲ್ಲಿ ಆ ಕಾಗದ ಕಪಾಟಿನೊಳಗೆ ಮಡಿಸಿಯೇ ಇರುತ್ತದೆ.

ಸೈನ್ಯದಲ್ಲಿ ಎಲ್ಲರೂ ಹಿಂದಿ ಕಲಿಯುತ್ತಾರಲ್ಲ, ಕನ್ನಡವೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಲಿಯುವವನು ಸೈನಿಕ. ಅವನು ಪ್ರಜ್ಞೆ ತಪ್ಪಿ ಬಿದ್ದ ದಿನ ಕಿಟಕಿಯ ಮುಂದೆ ನಿಲ್ಲುವವಳು ಅವನ ಹೆಂಡತಿ, ಇಲ್ಲವೇ ಊರಿನಿಂದ ಬಂದ ಮುದಿ ತಾಯಿ. ಯಾವ ಭಾಷೆಯ ಹಳ್ಳಿಗಳಿಂದ ಸರ್ಕಾರ ಸೈನಿಕರನ್ನು ಭರ್ತಿ ಮಾಡಿಕೊಳ್ಳುತ್ತದೆಯೋ ಆ ಭಾಷೆಯಲ್ಲಿ ಅವರ ಹಕ್ಕುಗಳನ್ನು ಅಚ್ಚು ಹಾಕಿಸುವುದು ಉಪಕಾರವಲ್ಲ, ಋಣ. 2022ರ ಅಗ್ನಿಪಥ ಯೋಜನೆಯಡಿ ಸೇರಿ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯಾಗಲಿ ಈ ಆರೋಗ್ಯ ಯೋಜನೆಯಾಗಲಿ ಇಲ್ಲವೆಂಬುದೂ ತಂದೆತಾಯಿಗಳಿಗೆ ಅವರ ಮಾತಿನಲ್ಲಿಯೇ ಮೊದಲು ತಿಳಿಯಬೇಕು.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ಸಂಘ ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುತ್ತದೆ, ನಾಟಕವಾಡಿಸುತ್ತದೆ, ಅದೆಲ್ಲ ಇರಲಿ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ಲೆಕ್ಕಪತ್ರ ಇಲಾಖೆಯ ನಿವೃತ್ತ ಕನ್ನಡಿಗರು ಈ ಊರಿನಲ್ಲಿ ಕಡಿಮೆಯಿಲ್ಲ. ಅವರು ಕುಳಿತು ಜನರ ಕಾಗದಗಳನ್ನು ಓದಿ ಹೇಳಲಿ. ಪಾಲಿಕ್ಲಿನಿಕ್ಕಿನ ದೂರವಾಣಿ, 48 ಗಂಟೆಗಳ ನಿಯಮ, ಕುಟುಂಬ ಪಿಂಚಣಿಗೆ ಬೇಕಾದ ದಾಖಲೆಗಳು, ಇಷ್ಟನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿಸಿ ಪ್ರತಿ ಸೈನಿಕನ ಮನೆಯ ಬಾಗಿಲ ಹಿಂದೆ ಅಂಟಿಸೋಣ. ಮೊದಲ ಭಾನುವಾರದ ಮೇಜಿಗೆ ನಾನು ಬರುತ್ತೇನೆ. ಖಡಕಿಯ ಆ ತಾಯಿಯ ಪ್ರಶ್ನೆಗೆ ಕೊಡಬಹುದಾದ ಉತ್ತರ ನನಗೆ ತೋಚುವುದು ಇದೊಂದೇ: ಹೇಳಬೇಕಾಗಿದ್ದವರು ನಾವು.