‘ಕ್ರಿಸ್ತನಲ್ಲಿ’ ಎಂಬ ಸಪ್ತಮಿ: ಕನ್ನಡ ವಿಮರ್ಶೆ ಓದದೆ ಬಿಟ್ಟ ಒಂದು ಕೃತಜ್ಞತೆ

ಕನ್ನಡ ಕ್ರೈಸ್ತ ಸಾಹಿತ್ಯವನ್ನು ಕುರಿತ ಚರ್ಚೆ ನಮ್ಮ ವಿಭಾಗಗಳಲ್ಲಿ ಬಹುಮಟ್ಟಿಗೆ ಸೇವೆಯ ಲೆಕ್ಕವಾಗಿಯೇ ಮುಗಿಯುತ್ತದೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಬೈಬಲ್ ಅನುವಾದ, 1843ರ ‘ಮಂಗಳೂರ ಸಮಾಚಾರ’, ಮೋಗ್ಲಿಂಗ್ ಕೈಗೊಂಡ ಪ್ರಾಚೀನ ಕಾವ್ಯಗಳ ಪ್ರಕಟಣೆ, 1894ರ ಕಿಟೆಲ್ ನಿಘಂಟು – ಈ ಪಟ್ಟಿ ನಮ್ಮ ವಿದ್ಯಾರ್ಥಿಗಳಿಗೆ ಕಂಠಪಾಠವಾಗಿದೆ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ ಬಂದ ಮೇಲೆ ಈ ವಿವರಗಳು ತಿಳಿಯದೆಂದು ಹೇಳಲು ಯಾರಿಗೂ ನೆಪ ಉಳಿದಿಲ್ಲ. ನಾವು ಆ ಜನಕ್ಕೆ ಕೃತಜ್ಞರಾಗಿದ್ದೇವೆ, ಸರಿ. ಅವರು ಸ್ವತಃ ಯಾವುದಕ್ಕೆ ಕೃತಜ್ಞರಾಗಿದ್ದರು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಹಾಜರಿದ್ದ ಒಂದು ಮೌಖಿಕ ಪರೀಕ್ಷೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಕ್ರೈಸ್ತ ಕೀರ್ತನೆಗಳ ಅನುಭಾವವನ್ನು ಕುರಿತು ಒಂದು ಅಧ್ಯಾಯ ಬರೆದಿದ್ದರು. “ಇದು ಮತಪ್ರಚಾರದ ಸಾಹಿತ್ಯವಲ್ಲವೆ? ಇದರಲ್ಲಿ ಅನುಭಾವವೆಲ್ಲಿ ಬಂತು?” ಎಂದು ಪರೀಕ್ಷಕರು ಕೇಳಿದರು. ಆಕೆ ಸುಮ್ಮನಾದರು. ಪ್ರಬಂಧವೇನೋ ಅಂಗೀಕೃತವಾಯಿತು, ಆದರೆ ಅದು ಪುಸ್ತಕವಾಗಿ ಬಂದಾಗ ಆ ಅಧ್ಯಾಯ ಅದರಲ್ಲಿರಲಿಲ್ಲ. ಅಂದು ನಾನೂ ಏನೂ ಹೇಳಲಿಲ್ಲ. ಈ ಟಿಪ್ಪಣಿ ತಡವಾಗಿ ಬಂದ ಒಂದು ಉತ್ತರ.

ಪೌಲನ ಪತ್ರಗಳಲ್ಲಿ ‘ಕ್ರೈಸ್ತ’ ಎಂಬ ಪದ ಎಲ್ಲಿಯೂ ಬರುವುದಿಲ್ಲ. ವಿಶ್ವಾಸಿಯನ್ನು ಆತ ಗುರುತಿಸುವುದು ‘ಕ್ರಿಸ್ತನಲ್ಲಿ ಇರುವವನು’ ಎಂಬ ನುಡಿಯಿಂದ. ಗ್ರೀಕಿನ ‘ಎನ್’ ಎಂಬ ಪುಟ್ಟ ಉಪಸರ್ಗ ಮಾಡುವ ಕೆಲಸವನ್ನು ಕನ್ನಡದಲ್ಲಿ ಸಪ್ತಮಿ ವಿಭಕ್ತಿ ಮಾಡುತ್ತದೆ. ಆದರೆ ನಮ್ಮ ‘ಅಲ್ಲಿ’ಯ ವ್ಯಾಪ್ತಿ ಇನ್ನೂ ದೊಡ್ಡದು. ‘ಮನೆಯಲ್ಲಿ ಇದ್ದಾನೆ’ ಎಂದರೆ ವಾಸ. ‘ಅವನಲ್ಲಿ ಹಣವಿದೆ’ ಎಂದರೆ ಒಡೆತನ. ‘ಗುರುಗಳಲ್ಲಿ ಕೇಳು’ ಎಂದರೆ ಆಶ್ರಯ. ‘ದೇವರಲ್ಲಿ ನಂಬಿಕೆ’ ಎಂದರೆ ಭರವಸೆ. ‘ಕ್ರಿಸ್ತನಲ್ಲಿ’ ಎಂದು ಕನ್ನಡದ ವಿಶ್ವಾಸಿ ಉಚ್ಚರಿಸಿದಾಗ ಈ ನಾಲ್ಕೂ ಅರ್ಥಗಳು ಒಟ್ಟಿಗೆ ಮಿಡಿಯುತ್ತವೆ. ಅನುವಾದಕರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಭಾಷೆ ತಾನಾಗಿ ಕೊಟ್ಟ ದಾನವಿದು.

ಕೃತಜ್ಞತೆಯ ವಿಭಕ್ತಿಯಾದರೋ ಬೇರೆ. ಅದು ಚತುರ್ಥಿ: ‘ದೇವರಿಗೆ ಸ್ತೋತ್ರ’. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (ಇದು ಪೌಲನದೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ) ಈ ಎರಡೂ ಒಂದೇ ಕಡೆ ಕೂಡುತ್ತವೆ. ವಿಶ್ವಾಸಿಗಳು ಕ್ರಿಸ್ತನಲ್ಲಿ ಬೇರೂರಿ, ಆತನಲ್ಲಿ ಕಟ್ಟಲ್ಪಟ್ಟು, ಕೃತಜ್ಞತೆಯಲ್ಲಿ ತುಂಬಿ ಹರಿಯಬೇಕೆಂಬುದು ಅಲ್ಲಿನ ಆಶಯ. ಹೀಗೆ ಭಕ್ತನು ಸಪ್ತಮಿಯಲ್ಲಿ ನಿಂತು ಚತುರ್ಥಿಯಲ್ಲಿ ವಂದಿಸುತ್ತಾನೆ. ಆತನ ಕೃತಜ್ಞತೆ ಎದುರಿಗಿರುವ ಮೂರ್ತಿಗೆ ದೂರದಿಂದ ಸಲ್ಲಿಸಿದ ನಮನವಲ್ಲ. ಒಳಗೆ ಸೇರಿಸಿಕೊಳ್ಳಲ್ಪಟ್ಟವನು ಒಳಗಿನಿಂದಲೇ ಆಡುವ ಮಾತು.

ಇಲ್ಲಿ ಓದುಗರಿಗೆ ಷಟ್‌ಸ್ಥಲದ ನೆನಪಾಗುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಬೋಧಪ್ರದ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಸ್ಥಲಗಳನ್ನು ದಾಟಿದ ಮೇಲೆ ಬರುವುದು ಐಕ್ಯ. ಒಂದು ಸ್ಥಲದೊಳಗೆ ಉಳಿದವೂ ಅಡಗಿವೆಯೆಂಬ ಸೂಕ್ಷ್ಮವನ್ನು ಮರೆಯದೆಯೂ, ಐಕ್ಯವು ಸಾಧನೆಯ ತುದಿ ಎನ್ನಬಹುದು. ಪೌಲನಲ್ಲಿ ಐಕ್ಯ ಮೊದಲ ಮೆಟ್ಟಿಲು. ರೋಮನ್ನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದ ಪ್ರಕಾರ ದೀಕ್ಷಾಸ್ನಾನದಲ್ಲಿಯೇ ವಿಶ್ವಾಸಿ ಕ್ರಿಸ್ತನ ಸಂಗಡ ಸತ್ತಿದ್ದಾನೆ, ಹೂಳಲ್ಪಟ್ಟಿದ್ದಾನೆ. ಅವನು ಏನನ್ನೂ ಸಾಧಿಸುವ ಮೊದಲೇ ಇದು ನಡೆದುಹೋಗಿದೆ. ಏರಿ ಹೋಗಿ ಪಡೆದುದಕ್ಕೆ ಧನ್ಯತೆ ಇರುತ್ತದೆ. ಕೇಳದೆ ದೊರೆತುದಕ್ಕೆ ಕೃತಜ್ಞತೆ. ‘ಕೃತ’ವನ್ನು, ಅಂದರೆ ಇನ್ನೊಬ್ಬರು ಮಾಡಿ ಮುಗಿಸಿದುದನ್ನು, ಅರಿಯುವುದೇ ತಾನೆ ಆ ಪದದ ಅರ್ಥ!

ಇನ್ನೊಂದು ವ್ಯತ್ಯಾಸ ರೂಪಕದ್ದು. ಬಸವಣ್ಣನ ಅಂಕಿತದಲ್ಲಿಯೇ ಕೃಷ್ಣಾ ಮಲಪ್ರಭೆಯರ ಕೂಡುವಿಕೆ ಇದೆ. ಕೂಡಿದ ನೀರನ್ನು ಮತ್ತೆ ಬೇರ್ಪಡಿಸಲಾಗದು. ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ರೂಪಕ ದ್ರಾಕ್ಷಿಬಳ್ಳಿ ಮತ್ತು ಅದರ ಕೊಂಬೆಗಳದು. ಒಂದೇ ರಸ ಹರಿದರೂ ಕೊಂಬೆ ಕೊಂಬೆಯಾಗಿಯೇ ಉಳಿಯುತ್ತದೆ. ಕನ್ನಡ ಬೈಬಲ್ ಯೋಹಾನನ ಮೊದಲ ಪತ್ರದಲ್ಲಿ ಈ ಸಂಬಂಧಕ್ಕೆ ‘ಅನ್ಯೋನ್ಯತೆ’ ಎಂಬ ಪದವನ್ನು ಬಳಸಿದೆ. ‘ಐಕ್ಯ’ದೊಳಗೆ ‘ಏಕ’ವಿದೆ, ‘ಅನ್ಯೋನ್ಯ’ದೊಳಗೆ ‘ಅನ್ಯ’ವಿದೆ. ವಂದಿಸಲು ಇಬ್ಬರು ಬೇಕು. ಎರಡಳಿದ ನೆಲೆಯಲ್ಲಿ ಯಾರು ಯಾರಿಗೆ ಕೃತಜ್ಞರು? ವಚನಕಾರರಿಗೆ ಆ ಮೌನವೇ ಪರಮ ನೆಲೆಯಾಗಿರಬಹುದು. ಕ್ರೈಸ್ತ ಅನುಭಾವಿಗೆ ಮಾತು ಮುಗಿಯುವುದೇ ಇಲ್ಲ. ಒಂದು ಮೇಲು, ಇನ್ನೊಂದು ಕೀಳು ಎಂಬ ತೀರ್ಪು ನನ್ನ ಉದ್ದೇಶವಲ್ಲ. ಆದರೆ ಎರಡಕ್ಕೂ ‘ಐಕ್ಯಾನುಭವ’ವೆಂಬ ಒಂದೇ ಹೆಸರಿಟ್ಟು ಕೈತೊಳೆದುಕೊಳ್ಳುವ ತೌಲನಿಕ ಅಧ್ಯಯನಗಳಿಂದ ಎರಡಕ್ಕೂ ನ್ಯಾಯ ದೊರೆಯದು.

ಋಣದ ಪ್ರಶ್ನೆಯೂ ಉಂಟು. ನಮ್ಮ ರೂಢಿಯಲ್ಲಿ ಉಪಕಾರಸ್ಮರಣೆ ಬಹುಬೇಗ ಋಣವಾಗಿ ಮಾರ್ಪಡುತ್ತದೆ: ಅನ್ನದ ಋಣ, ಹೆತ್ತವರ ಋಣ, ಜನ್ಮಾಂತರಕ್ಕೂ ಹಿಂಬಾಲಿಸುವ ಋಣ. ಕೊಲೊಸ್ಸೆ ಪತ್ರವು ಕೃತಜ್ಞತೆಯ ಮಾತಾಡಿದ ಕೆಲವೇ ವಾಕ್ಯಗಳ ನಂತರ, ಸಾಲಪತ್ರವನ್ನು ಶಿಲುಬೆಗೆ ಜಡಿದು ರದ್ದುಮಾಡಿದ ಚಿತ್ರವನ್ನು ಕೊಡುತ್ತದೆ. ಋಣ ತೀರಿದೆ, ಕೃತಜ್ಞತೆ ಮಾತ್ರ ಉಕ್ಕುತ್ತಿದೆ. ತೀರಿಸಬೇಕಾದ ಬಾಕಿಯಿಲ್ಲದ ಈ ಉಪಕಾರಸ್ಮರಣೆ ಕನ್ನಡದ ಭಾವಲೋಕಕ್ಕೆ ಸೇರಿದ ಹೊಸ ಸಂಗತಿಯೇ ಎಂಬುದು ಪರಿಶೀಲನಾರ್ಹ.

ನಮ್ಮ ಆಧುನಿಕ ಕಾವ್ಯದ ಕ್ರಿಸ್ತ ನಮಗೆ ಪರಿಚಿತನೇ. ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ನಾವು ಪಾಠ ಹೇಳುತ್ತ ಬಂದಿದ್ದೇವೆ. ಅಲ್ಲಿ ನಾವು ಶಿಲುಬೆಯ ಎದುರಿನಲ್ಲಿ ನಿಂತು ಮರುಗುವ ಪ್ರೇಕ್ಷಕರು. ಆ ಮರುಕ ದೊಡ್ಡದು. ಆದರೂ ಅದು ಹೊರಗಿನ ನೋಟ. ಒಳಗಿನ ನೋಟ ಬೇಕಿದ್ದರೆ ಕಡೆಗಣಿಸಲ್ಪಟ್ಟ ಕೀರ್ತನೆಗಳಿಗೆ, ಪ್ರಾರ್ಥನೆಗಳಿಗೆ, ಭಾರತೀಯ ಛಂದಸ್ಸಿನಲ್ಲಿ ಕ್ರಿಸ್ತಚರಿತೆಯನ್ನು ಹೇಳಿದ ಕಿಟೆಲರ ‘ಕಥಾಮಾಲೆ’ಯಂತಹ (1862) ಕೃತಿಗಳಿಗೆ ಹೋಗಬೇಕು. ಕೀರ್ತನೆಗಳಲ್ಲಿ ಅನೇಕವು ಜರ್ಮನ್, ಇಂಗ್ಲಿಷ್ ಮೂಲದವು. ಪದಜೋಡಣೆ ಎಷ್ಟೋ ಕಡೆ ಒರಟು. ಕಾವ್ಯಗುಣದ ಅಳತೆಗೋಲನ್ನಷ್ಟೇ ಹಿಡಿದು ಹೋದವರು ಬರಿಗೈಯಲ್ಲಿ ಮರಳಿದರೆ ಆಶ್ಚರ್ಯವಿಲ್ಲ.

ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಮುದ್ರಣಗಳಿವೆ. ಅಲ್ಲಿಗೆ ಹೋಗುವ ಸಂಶೋಧಕರು ಛಂದಸ್ಸಿನ ಜೊತೆಗೆ ವಿಭಕ್ತಿಗಳನ್ನೂ ಎಣಿಸಲಿ. ಅನುವಾದಿತ ಕೀರ್ತನೆಗಳಲ್ಲಿ ‘ನಿನ್ನಲ್ಲಿ’ ಉಳಿದಿದೆಯೇ, ಅಥವಾ ‘ನಿನ್ನ ಬಳಿ’, ‘ನಿನ್ನ ಪಾದಕ್ಕೆ’ ಎಂಬ ಪರಿಚಿತ ಭಕ್ತಿಪರಿಭಾಷೆಗೆ ಜಾರಿದೆಯೇ? ಕನ್ನಡಿಗರೇ ರಚಿಸಿದ ಕೀರ್ತನೆಗಳಲ್ಲಿ ಈ ಪ್ರಮಾಣ ಬದಲಾಗಿದೆಯೇ? ಕಥೋಲಿಕರ ‘ಪರಮಪ್ರಸಾದ’, ಪ್ರಾಟೆಸ್ಟಂಟರ ‘ಕರ್ತನ ಭೋಜನ’ ಎಂಬ ಎರಡು ಹೆಸರುಗಳು ಈ ಅನುಭವವನ್ನು ಎರಡು ದಿಕ್ಕಿಗೆ ಎಳೆದಿವೆಯೇ? ಗ್ರೀಕಿನಲ್ಲಿ ಅದೇ ವಿಧಿಗೆ ಇರುವ ‘ಯೂಖರಿಸ್ತಿಯ’ ಎಂಬ ಹೆಸರಿಗೆ ಕೃತಜ್ಞತೆ ಎಂದೇ ಅರ್ಥ. ಕನ್ನಡದ ಎರಡು ಹೆಸರುಗಳಲ್ಲಿಯೂ ಆ ಅರ್ಥ ಬಂದಿಲ್ಲ. ಅದು ಹೋಗಿ ಸೇರಿದುದು ‘ಸ್ತೋತ್ರ’ ಎಂಬ ಪದದಲ್ಲಿ. ಸಂಸ್ಕೃತದಲ್ಲಿ ಗುಣಗಾನವಾಗಿದ್ದ ಆ ಪದ ಕ್ರೈಸ್ತ ಕನ್ನಡದಲ್ಲಿ ಉಪಕಾರಸ್ಮರಣೆಯಾಗಿ ತಿರುಗಿದ ಚರಿತ್ರೆಯಿಂದಲೇ ಈ ಕೆಲಸವನ್ನು ಆರಂಭಿಸಬಹುದು.