ಕಿತ್ತಳೆ ವಾಸ್ನೆ ಬೇಕಾದ್ರೆ ಸಿಪ್ಪೆ ಹಾಕ್ಲಿ

ಗೊಜ್ಜು, ಉಪ್ಪಿನಕಾಯಿ ಬಿಟ್ಟು ಇವತ್ತು ಬಿಯರ್ ವಿಷ್ಯ ಬರೀತಾವ್ಳೆ ಅಂತ ಬೈಕೋಬೇಡಿ ಕನ್ರವ್ವ. ಪೂರ್ತಿ ಓದಿ, ಆಮೇಲೆ ಬೈರಿ.

ನಮ್ಮಕ್ಕ ಮೊಮ್ಮಗುನ್ನ ನೋಡಕ್ಕೆ ಅಂತ ಅಮೆರಿಕಕ್ಕೆ ಹೋಗವ್ಳೆ. ಅವಳ ಮಗ ಅಲ್ಲಿ ಮನೇಲೇ ಬಿಯರ್ ಮಾಡ್ತಾನೆ. 1978ರಲ್ಲಿ ಕಾನೂನು ಬದಲಾಯಿಸಿ, ಮನೆ ಖರ್ಚಿಗೆ ಮಾಡ್ಕೊಳ್ಳಿ ಅಂತ ಅಲ್ಲಿ ಬಿಟ್ಟವ್ರೆ. ನಮ್ಮಲ್ಲಿ ಹಂಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮಾಡಿದ್ರೆ ಕೇಸು. ಹುಣಸೂರಲ್ಲಿ ಯಾರೂ ಕೈ ಹಾಕ್ಬೇಡಿ.

ಮಾಡೋ ಬಗೆ ನಮಗೆ ಹೊಸದೇನಲ್ಲ. ನಾವು ರಾಗಿ ಮೊಳಕೆ ಕಟ್ಟಿ ಒಣಗಿಸ್ದಂಗೆ ಅವರು ಬಾರ್ಲಿ ಮೊಳಕೆ ಬರಿಸಿ ಒಣಗಿಸ್ತಾರೆ. ಅದನ್ನ ಬಿಸಿನೀರಲ್ಲಿ ನೆನೆಸಿ, ಸೋಸಿ, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸ್ತಾರೆ. ಆರಿದ ಮೇಲೆ ಯೀಸ್ಟ್ ಹಾಕಿ ಹುಳಿಯಕ್ಕೆ ಬಿಡ್ತಾರೆ.

ಈ ಸಲ ನಮ್ಮುಡುಗ ಕಿತ್ತಳೆ ವಾಸ್ನೆ ಬರ್ಲಿ ಅಂತ ಅಂಗಡಿಯಿಂದ ಕಿತ್ತಳೆ ಲಿಕ್ಯೂರ್ ತಂದ. ಲಿಕ್ಯೂರ್ ಅಂದ್ರೆ ಸಕ್ಕರೆ ಹಾಕಿ ಸಿಹಿ ಮಾಡಿರೋ ಕಡಕ್ ಮದ್ಯ. ಲೋಟಕ್ಕೆ ಒಂದಿಷ್ಟು ಬಗ್ಗಿಸಿ ಬಂದ ನೆಂಟರಿಗೆ ಕೊಟ್ಟ. ಘಮ್ಮಂತಿತ್ತಂತೆ. ಯಾವಾಗ್ಲೂ ಒಂದು ಲೋಟ ಕುಡ್ದು ಎದ್ದೋಗೋ ಹೆಣ್ಮಗಳು ಜ್ಯೂಸ್ ಥರ ಅದೆ ಅಂತ ಎರಡು ಕುಡಿದ್ಲು. ತಲೆ ತಿರುಗಿ ಸೋಫಾ ಮೇಲೆ ಕೂತೋಳು ಏಳ್ಲೇ ಇಲ್ಲ. ಪುಣ್ಯಕ್ಕೆ ಕಾರಿನ ಕೀಲಿ ಅಕ್ಕ ಇಸ್ಕೊಂಡಿದ್ಲು.

ಲೆಕ್ಕ ನೀವೇ ಹಾಕಿ. 300 ಮಿಲಿ ಬಿಯರ್, ಶೇ 5ರದ್ದು ಅಂದ್ರೆ ಅದ್ರಲ್ಲಿ ಆಲ್ಕೋಹಾಲ್ 15 ಮಿಲಿ. ಅದಕ್ಕೆ ಶೇ 40ರ ಲಿಕ್ಯೂರ್ 30 ಮಿಲಿ ಸೇರಿಸಿದ್ರೆ ಇನ್ನೂ 12 ಮಿಲಿ. ಒಟ್ಟು 27. ಒಂದೇ ಲೋಟ ಕುಡಿದೆ ಅಂದ್ಕೊಂಡೋರ ಹೊಟ್ಟೆಗೆ ಹೋಗೋದು ಹತ್ರಹತ್ರ ಎರಡು ಲೋಟದ್ದು! ಬಾಟ್ಲಿಗೆ ತುಂಬೋವಾಗ್ಲೇ ಬೆರೆಸಿದ್ರೆ ಇನ್ನೊಂದು ಅಪಾಯ. ಆ ಸಕ್ಕರೆನೂ ಯೀಸ್ಟ್ ತಿಂದು ಗ್ಯಾಸ್ ಜಾಸ್ತಿಯಾಗಿ ಗಾಜು ಸಿಡೀಬಹುದು.

ಅಕ್ಕ ಫೋನಲ್ಲಿ ಹೇಳಿದ ಮಾತು ನನ್ನ ಮನಸಿಂದ ಹೋಗ್ತಾನೇ ಇಲ್ಲ. ನಮ್ಮ ಭಾವನ ಕುಡಿತದಲ್ಲಿ ಬೆಂದವಳು ಅವಳು. 2007ರ ಜುಲೈನಲ್ಲಿ ಸಾರಾಯಿ ನಿಲ್ಸಿದಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ಲು. "ಆ ಪ್ಯಾಕೆಟ್ ಸಾರಾಯಿ ವಾಸ್ನೆನಾದ್ರೂ ಬಾಗಿಲಲ್ಲೇ ಹೇಳ್ಬಿಡ್ತಿತ್ತು ಕನೆ, ಮಕ್ಳನ್ನ ಒಳಕ್ಕೆ ಕಳಿಸ್ತಿದ್ದೆ. ಇದು ಕಿತ್ತಳೆ ಹಣ್ಣಿನ ವಾಸ್ನೆ. ಯಾರಿಗೆ ಗೊತ್ತಾಯ್ತದೆ?" ಅಂದ್ಲು.

ಅದಕ್ಕೇ ನಾನು ಹೇಳೋದು, ಲಿಕ್ಯೂರ್ ಬೇಡ, ಸಿಪ್ಪೆ ಹಾಕ್ಲಿ. ವಾಸ್ನೆ ಇರೋದೇ ಸಿಪ್ಪೆ ಎಣ್ಣೇಲಿ, ರಸದಲ್ಲಿ ಬರೀ ಹುಳಿ. ಹೇರಳೆಕಾಯಿ ಹೆಚ್ಚಿದ ಕೈಗೆ ಇದನ್ನ ಯಾರೂ ಹೇಳ್ಕೊಡ್ಬೇಕಿಲ್ಲ. ಆ ಲಿಕ್ಯೂರ್‌ಗೂ ಘಮ ಬರೋದು ಕಿತ್ತಳೆ ಸಿಪ್ಪೆಯಿಂದ್ಲೇ. ಬೆಲ್ಜಿಯಂ ದೇಶದ ಗೋಧಿ ಬಿಯರ್‌ಗೆ ಹಿಂದಿನಿಂದ್ಲೂ ಹಾಕೋದು ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ನಮ್ಮ ಸಾರಿನ ಪುಡಿ ಡಬ್ಬೀಲಿರೋ ಅದೇ ಕೊತ್ತಂಬರಿ ಬೀಜ!

ಫೋನಲ್ಲೇ ಹೇಳ್ಕೊಟ್ಟೆ: "ಮಗಾ, ಹಣ್ಣು ಚೆನ್ನಾಗಿ ತೊಳೆದು ಮೇಲಿನ ಬಣ್ಣದ ಸಿಪ್ಪೆ ಮಾತ್ರ ತುರ್ಕೊ. ಒಳಗಿನ ಬಿಳೀದು ಕಹಿ, ಮುಟ್ಬೇಡ. ಕುದಿ ಇಳಿಸೋಕೆ ಐದು ನಿಮಿಷ ಇರುವಾಗ ಹಾಕು. ಮೊದ್ಲೇ ಹಾಕಿದ್ರೆ ಸಾರಿಗೆ ಹಾಕಿದ ಕೊತ್ತಂಬರಿ ಸೊಪ್ಪಿನಂಗೆ ಘಮ ಎಲ್ಲಾ ಹಬೇಲಿ ಹೋಯ್ತದೆ." "ಸರಿ ಚಿಕ್ಕವ್ವ" ಅಂದ. ಮಾಡಿ ನೋಡಿ, ವಾಸ್ನೆ ಸಾಕಷ್ಟು ಬಂದದೆ ಅಂತ ಹೇಳ್ದ.

ಕುಡೀರಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ಆದ್ರೆ ನಮ್ಮ ಮಕ್ಕಳು ದೂರದಲ್ಲಿ ಅವರೇ ಮಾಡ್ಕೊಂಡು ಕುಡಿಯೋದನ್ನ ನೋಡ್ದಂಗೆ ಇದ್ರೆ ಏನು ಬಂತು? ಲೋಟದಲ್ಲಿ ಏನೇನದೆ ಅಂತ ಬಾಯ್ಬಿಟ್ಟು ಹೇಳಿ ಕೊಡಪ್ಪಾ ಅಂತ ಹೇಳೋಣ. ಹೇಳ್ದೆ ಕೊಡೋದು ಮಾತ್ರ ತಪ್ಪು ಕನ್ರವ್ವ.